ಸಿಂಹಾಸನದ ಕಲ್ಲಿನಲ್ಲಿ ಸಾಲುಮನೆ

ಶನಿವಾರ ಮಗಳನ್ನು ಕರೆದುಕೊಂಡು ಇಲ್ಲಿ ಜರ್ಮನಿಯ ಆಖನ್‌ನ ದೊಡ್ಡ ಚರ್ಚಿಗೆ ಹೋಗಿದ್ದೆ. ಮೇಲಿನ ಅಂತಸ್ತಿನಲ್ಲಿ, ಹಿಂದೆ ಪಶ್ಚಿಮ ಯುರೋಪಿನ ಬಹುಭಾಗ ಆಳಿದ ಫ್ರಾಂಕ್ ಜನರ ಚಕ್ರವರ್ತಿ ಶಾರ್ಲಮೇನ್‌ನ ಸಿಂಹಾಸನ ಇದೆ. ಮೈಸೂರಿನದರ ಹಾಗೆ ಚಿನ್ನದ್ದಲ್ಲ, ಆರು ಮೆಟ್ಟಿಲು, ಬೋಳು ಅಮೃತಶಿಲೆಯ ಚಪ್ಪಡಿ, ಅಷ್ಟೇ. ಪಕ್ಕದ ಚಪ್ಪಡಿಯಲ್ಲಿ ಯಾವ ಕಾಲದಲ್ಲೋ ಯಾರೋ ಗೀಚಿದ ಗೆರೆಗಳು, ಒಂದರೊಳಗೊಂದು ಚೌಕ, ಕಾಯಿ ನಡೆಸಿ ಆಡುವ ಆಟದ ಮನೆ.

"ಅಪ್ಪಾ, ಸಾಲುಮನೆ! ಅಜ್ಜಿ ಮನೆ ಜಗಲಿಯಲ್ಲಿ ಇದೆಯಲ್ಲ!" ಅಂದಳು. ಆಮೇಲೆ ಮೆಲ್ಲಗೆ, "ಈ ರಾಜನ ಮನೆಯಲ್ಲೂ ಗೋಡೆ ಹಾಕಿದ್ರಾ?"

ಬೇಸಿಗೆಯಲ್ಲಿ ಊರಿಗೆ ಹೋದಾಗ ಆ ಗೋಡೆ ನೋಡಿದ್ದಾಳೆ. ಅಪ್ಪನಿಗೂ ಚಿಕ್ಕಪ್ಪನಿಗೂ ಪಾಲಾದ ಮೇಲೆ ಎದ್ದದ್ದು, ಜಗಲಿಯ ಸಾಲುಮನೆಯ ಮೇಲೇ ಹಾದಿದೆ.

ಹಾಕಿದರು ಕಣೇ ಅಂದೆ. ಫ್ರಾಂಕರಲ್ಲೂ ಗಂಡುಮಕ್ಕಳಿಗೆಲ್ಲ ಪಾಲು. ಶಾರ್ಲಮೇನ್ 806ರಲ್ಲೇ ಮೂರು ಪಾಲು ಬರೆದಿಟ್ಟಿದ್ದ. ಇಬ್ಬರು ಮಕ್ಕಳು ಅವನಿಗಿಂತ ಮೊದಲೇ ತೀರಿಕೊಂಡರು, ಲೂಯಿ ಒಬ್ಬನೇ ಉಳಿದ, ಹಾಗಾಗಿ ರಾಜ್ಯ ಒಟ್ಟಾಗಿ ಉಳಿಯಿತು. ಆ ಲೂಯಿ 817ರಲ್ಲಿ ಇದೇ ಊರಲ್ಲಿ ಕೂತು ಒಂದು ಏರ್ಪಾಡು ಮಾಡಿದ: ಹಿರಿಯ ಲೋಥಾರ್ ಚಕ್ರವರ್ತಿ, ತಮ್ಮಂದಿರಿಬ್ಬರಿಗೆ ಸಣ್ಣ ರಾಜ್ಯಗಳು, ಆದರೆ ಅವರು ವರ್ಷಕ್ಕೊಮ್ಮೆ ಕಾಣಿಕೆ ಹಿಡಿದು ಅಣ್ಣನನ್ನು ಬಂದು ಕಾಣಬೇಕು. ಆ ಕೊನೆಯ ಮಾತು ನನಗೆ ತುಂಬಾ ಇಷ್ಟ.

823ರಲ್ಲಿ ಎರಡನೇ ಹೆಂಡತಿ ಜೂಡಿತ್‌ಗೆ ಚಾರ್ಲ್ಸ್ ಹುಟ್ಟಿದ. ಅವನಿಗೂ ಪಾಲು ಕೊಡಲು ಲೂಯಿ ತಾನು ಬರೆದದ್ದನ್ನು ತಾನೇ ತಿದ್ದಿದ. ದೊಡ್ಡ ಮಕ್ಕಳು ತಿರುಗಿಬಿದ್ದು 833ರಲ್ಲಿ ಅಪ್ಪನನ್ನೇ ಪಟ್ಟದಿಂದ ಇಳಿಸಿದರು. ಅವನು ಮತ್ತೆ ಪಟ್ಟಕ್ಕೆ ಬಂದ, ಆದರೆ ಸತ್ತ ಮರುವರ್ಷವೇ, 841ರಲ್ಲಿ, ಫೋಂತೆನುವಾದಲ್ಲಿ ಅಣ್ಣತಮ್ಮಂದಿರ ಯುದ್ಧ. 843ರಲ್ಲಿ ವೆರ್ಡನ್‌ನಲ್ಲಿ ಉಳಿದ ಮೂವರು ಅಣ್ಣತಮ್ಮಂದಿರಿಗೆ ಮೂರು ಪಾಲು.

ಜೂಡಿತ್ ಮೇಲೆ ಆಗಲೇ ಎಷ್ಟೋ ಜನ ತಪ್ಪು ಹೊರಿಸಿದ್ದರು. ನಮ್ಮ ಮನೆಯಲ್ಲೂ ಎಲ್ಲರೂ ಬೈದದ್ದು ಚಿಕ್ಕಮ್ಮನನ್ನೇ ಅಲ್ವಾ? ಮಗನಿಗೆ ಪಾಲು ಕೇಳಿದ್ದು ತಪ್ಪೇನಲ್ಲ. ಎಲ್ಲರನ್ನೂ ಕೂರಿಸಿ ಮಾತಾಡದೆ ಬರೆದದ್ದನ್ನು ತಿದ್ದಿದ್ದು ತಪ್ಪು.

ಮಗಳಿಗೆ ಇಷ್ಟವಾದದ್ದು 842ರ ಸ್ಟ್ರಾಸ್‌ಬರ್ಗ್ ಪ್ರಮಾಣ. ಚಾರ್ಲ್ಸ್ ಮತ್ತು ಅವನ ಅಣ್ಣ ಲುಡ್ವಿಗ್ ಲೋಥಾರ್‌ನ ವಿರುದ್ಧ ಒಂದಾದರು. ಒಬ್ಬನ ಸೈನ್ಯಕ್ಕೆ ಅರ್ಥವಾಗಲಿ ಅಂತ ಇನ್ನೊಬ್ಬ ಅವರ ಭಾಷೆಯಲ್ಲಿ ಆಣೆ ಇಟ್ಟ. ನಮ್ಮ ಮನೆಯಲ್ಲಿ ಇರುವುದು ಒಂದೇ ಭಾಷೆ, ಎರಡು ವರ್ಷದಿಂದ ಮಾತಿಲ್ಲ.

ಹಿಂದಿನ ಸಲ ತೆಗೆದಿದ್ದ ಜಗಲಿಯ ಫೋಟೋವನ್ನು ರಾತ್ರಿ ಚಿಕ್ಕಪ್ಪನಿಗೆ ಕಳಿಸಿದೆ, ನಮ್ಮ ಕಡೆಯ ಅರ್ಧ. ಮರುದಿನ ಅವರಿಂದಲೂ ಒಂದು ಫೋಟೋ ಬಂತು, ಒಂದು ಮಾತೂ ಇಲ್ಲ. ಗೋಡೆಯ ಆಚೆಯ ಅರ್ಧ ಸಾಲುಮನೆ. ಕಲ್ಲು ತೊಳೆದಿದ್ದಾರೆ, ಇನ್ನೂ ಒದ್ದೆ ಇದೆ.