ಬಿಳಿ ಒಪ್ಪಲ್ಲ ಅನ್ನೋರೇ, ಯಾವ ಬಿಳಿ?

"ಕಪ್ಪಗಿರೋರಿಗೆ ಬಿಳಿ ಒಪ್ಪಲ್ಲ" ಅನ್ನುವ ಮಾತು ನಮ್ಮ ಕಡೆ ಎಷ್ಟು ಸಲೀಸಾಗಿ ಬಂದುಬಿಡುತ್ತದೆ ಅಲ್ವಾ. ಬಟ್ಟೆ ಅಂಗಡಿಯಲ್ಲಿ, ಮದುವೆ ಮನೆಯಲ್ಲಿ, ದೊಡ್ಡಮ್ಮ ಚಿಕ್ಕಮ್ಮಂದಿರ ಬಾಯಲ್ಲಿ. ನನ್ನ ಪ್ರಕಾರ ಇದು ಶುದ್ಧ ತಪ್ಪು. ಒಪ್ಪದೇ ಇರುವುದು ಯಾವುದೋ ಒಂದು ಬಿಳಿ ಅಷ್ಟೇ. ಅದರ ಪಕ್ಕದ ಥಾನಿನಲ್ಲೇ ಇನ್ನೊಂದು ಬಿಳಿ ಇರುತ್ತದೆ, ಅದನ್ನು ಯಾರೂ ಹೆಗಲ ಮೇಲೆ ಹಾಕಿ ನೋಡಿರುವುದಿಲ್ಲ.

ಇನ್‌ಸ್ಟಾಗ್ರಾಮ್ ತೆರೆದರೆ ಈಗ ಬರೀ ಕಲರ್ ಅನಾಲಿಸಿಸ್. ಅಂದರೆ ಮೈಬಣ್ಣ, ಕೂದಲು, ಕಣ್ಣು ನೋಡಿ ನಿಮ್ಮನ್ನು ಸ್ಪ್ರಿಂಗ್, ಸಮ್ಮರ್, ಆಟಮ್, ವಿಂಟರ್ ಅಂತ ಋತುಗಳ ಹೆಸರಿನ ಗುಂಪಿಗೆ ಹಾಕಿ, ಯಾವ ಬಣ್ಣ ಒಪ್ಪುತ್ತದೆ ಅಂತ ಹೇಳುವುದು. ಕುತ್ತಿಗೆ ಕೆಳಗೆ ಒಂದಾದ ಮೇಲೊಂದು ಬಣ್ಣದ ಬಟ್ಟೆ ಹಿಡಿಯುತ್ತಾರೆ, ಕೊನೆಗೆ "ನೀವು ಸಾಫ್ಟ್ ಆಟಮ್" ಅಂತ ತೀರ್ಪು ಕೊಡುತ್ತಾರೆ. ದಕ್ಷಿಣ ಕೊರಿಯಾಕ್ಕೆ ಟೂರ್ ಹೋದವರು ದುಡ್ಡು ಕೊಟ್ಟು ಮಾಡಿಸಿಕೊಂಡು ಬರುತ್ತಾರೆ. ಇದೇನು ಹೊಸದಲ್ಲ. ಜರ್ಮನಿಯ ಬೌಹೌಸ್ ಕಲಾಶಾಲೆಯಲ್ಲಿ ಪಾಠ ಮಾಡಿದ್ದ ಯೋಹಾನೆಸ್ ಇಟ್ಟೆನ್ ಅನ್ನುವ ಸ್ವಿಸ್ ಕಲಾವಿದ, ವಿದ್ಯಾರ್ಥಿಗಳು ತಾವಾಗಿ ಆರಿಸುವ ಬಣ್ಣಕ್ಕೂ ಅವರ ಮೈಬಣ್ಣ ಕೂದಲಿಗೂ ನಂಟಿರುವುದನ್ನು ಗಮನಿಸಿದ್ದ. ಅಮೆರಿಕದ ಸೂಜನ್ ಕೇಗಿಲ್ ಅದೇ ಥರದ ಯೋಚನೆಯನ್ನು ಹಾಕುವ ಬಟ್ಟೆಗೆ ತಂದರು. 1980ರಲ್ಲಿ ಬಂದ ಕ್ಯಾರಲ್ ಜಾಕ್ಸನ್ ಪುಸ್ತಕದಿಂದ ಅಲ್ಲಿ ಮನೆಮನೆಗೂ ಹೋಯಿತು. ಆಗ ನಾಲ್ಕು ಋತು ಇದ್ದವು, ಈಗ ಒಡೆದು ಒಡೆದು ಹನ್ನೆರಡು ಮಾಡಿಕೊಂಡಿದ್ದಾರೆ. (ಹವಾಮಾನಕ್ಕೂ ಇದಕ್ಕೂ ಸಂಬಂಧ ಇಲ್ಲ. ಅವರ ಲೆಕ್ಕದಲ್ಲಿ 'ಸಮ್ಮರ್' ಅಂದರೆ ತಣ್ಣನೆಯ, ಮಂಕು ಬಣ್ಣಗಳು. ರಾಯಚೂರಿನವರಿಗೆ ಹೇಳಿ ನೋಡಿ, ನಗುತ್ತಾರೆ.)

ಇದು ವಿಜ್ಞಾನ ಅಂತ ನಾನು ಹೇಳಲ್ಲ. ಒಬ್ಬರನ್ನೇ ಇಬ್ಬರ ಹತ್ತಿರ ಕಳಿಸಿದರೆ ಎರಡು ಋತು ಬರುವುದುಂಟು. ಆದರೆ ಬಿಳಿಯ ವಿಷಯದಲ್ಲಿ ಇವರು ಹೇಳುವುದು ಉಪಯೋಗಕ್ಕೆ ಬರುತ್ತದೆ. ವಿಂಟರ್‌ನವರಿಗೆ ಅಚ್ಚ ಬಿಳಿ, ಅಂದರೆ ಜೆರಾಕ್ಸ್ ಹಾಳೆಯ ಬಿಳಿ. ಸಮ್ಮರ್‌ನವರಿಗೆ ಅದನ್ನೇ ಸ್ವಲ್ಪ ಮಂಕು ಮಾಡಿದ ಬಿಳಿ. ಸ್ಪ್ರಿಂಗ್‌ಗೆ ದಂತದ ಬಿಳಿ. ಆಟಮ್‌ಗೆ ಕೆನೆ ಬಣ್ಣ, ಕೋರಾ ಬಟ್ಟೆಯ ಬಣ್ಣ.

ನಮ್ಮ ಮ್ಯಾಚಿಂಗ್ ಸೆಂಟರ್‌ನವರಿಗೆ ಇದು ಯಾವತ್ತಿನಿಂದಲೋ ಗೊತ್ತು. ಬಿಳಿ ಬ್ಲೌಸ್ ಪೀಸ್ ಕೊಡಿ ಅಂದರೆ "ವೈಟಾ, ಹಾಫ್ ವೈಟಾ, ಕ್ರೀಮಾ?" ಅಂತ ಕೇಳುತ್ತಾರೆ. ಟೂ ಬೈ ಟೂ ರೂಬಿಯಾದಲ್ಲಿ ಮೂರೂ ಪಕ್ಕಪಕ್ಕ ಜೋಡಿಸಿಟ್ಟಿರುತ್ತಾರೆ. ಅನುಮಾನ ಬಂದರೆ ಪೀಸ್ ಹಿಡಿದುಕೊಂಡು ಬಾಗಿಲಿಗೇ ಬಂದು "ಬೆಳಕಲ್ಲಿ ನೋಡಿ ಮೇಡಂ" ಅನ್ನುತ್ತಾರೆ. ಆದರೆ ಅವರು ಹೊಂದಿಸುವುದು ಸೀರೆಗೆ, ಮುಖಕ್ಕಲ್ಲ. ಆ ಕೆಲಸ ನಾವೇ ಮಾಡಿಕೊಳ್ಳಬೇಕು.

ಮಾಡುವುದು ಸುಲಭ. ವೈಟ್ ಮತ್ತು ಹಾಫ್ ವೈಟ್ ಒಂದೊಂದು ತುಂಡು ತನ್ನಿ. ಬೆಳಗ್ಗೆ ಮುಖ ತೊಳೆದು, ಪೌಡರ್ ಗಿಡರ್ ಏನೂ ಹಚ್ಚದೆ, ಕಿಟಕಿಗೆ ಎದುರಾಗಿ ಕೂತು, ಒಂದೊಂದನ್ನೇ ಗದ್ದದ ಕೆಳಗೆ ಹಿಡಿದು ಕನ್ನಡಿ ನೋಡಿ. ಬಟ್ಟೆ ನೋಡಬೇಡಿ, ಮುಖ ನೋಡಿ. ಕಣ್ಣ ಕೆಳಗಿನ ಕಪ್ಪು ಜಾಸ್ತಿ ಕಾಣಿಸುತ್ತಿದೆಯಾ? ಬಾಯಿ ಸುತ್ತ ಬೂದಿ ಬಳಿದ ಹಾಗಾಯಿತಾ? ಅದು ನಿಮ್ಮ ಬಿಳಿ ಅಲ್ಲ. ಸರಿಯಾದದ್ದು ಹಿಡಿದಾಗ ಮೊದಲು ಕಣ್ಣೇ ಕಾಣಿಸುತ್ತದೆ, ಬಟ್ಟೆ ಆಮೇಲೆ. ಮಣಿಕಟ್ಟಿನ ನರ ಹಸಿರಾ ನೀಲಿಯಾ ಅಂತ ನೋಡುವ ಪರೀಕ್ಷೆ ಬಿಟ್ಟುಬಿಡಿ, ನಮ್ಮ ಚರ್ಮದಲ್ಲಿ ತುಂಬಾ ಜನರದು ಸ್ವಲ್ಪ ಹಸಿರಾಗಿಯೇ ಕಾಣುತ್ತದೆ.

ಈ ಪದ್ಧತಿಯ ದೊಡ್ಡ ಕೊರತೆಯೂ ಇಲ್ಲೇ ಇರುವುದು. ಬೆಳ್ಳಗಿನವರನ್ನು ಕೂದಲು ಕಣ್ಣು ಅಂತ ಕೂದಲೆಳೆಯಷ್ಟು ವ್ಯತ್ಯಾಸಕ್ಕೂ ಬೇರೆ ಬೇರೆ ಮಾಡಿದವರು, ಕಪ್ಪು ಕೂದಲು ಕಪ್ಪು ಕಣ್ಣಿನ ನಮ್ಮಂಥವರನ್ನೆಲ್ಲ ಹೆಚ್ಚುಕಡಿಮೆ ಒಂದೇ ವಿಂಟರ್ ಡಬ್ಬಿಗೆ ಹಾಕಿಬಿಟ್ಟಿದ್ದರು. ಈಗಿನವರು ಇನ್ನೊಂದು ತುದಿ ಹಿಡಿದು, ಇಂಡಿಯನ್ ಅಂದರೆ ಆಟಮ್ ಅನ್ನುತ್ತಾರೆ. ಎರಡೂ ಸೋಮಾರಿತನ. ಓಣಂ ದಿನ ಬೆಂಗಳೂರಿನ ಯಾವುದಾದರೂ ಆಫೀಸಿನ ಊಟದ ಕ್ಯೂ ನೋಡಿ, ಮಲಯಾಳಿಗಳ ಜೊತೆ ನಮ್ಮವರೂ ಕಸವು ಸೀರೆ ಉಟ್ಟು ನಿಂತಿರುತ್ತಾರೆ. ಅದೇ ಕೆನೆ ಬಣ್ಣ, ಅದೇ ಚಿನ್ನದ ಅಂಚು. ಎಣ್ಣೆಗಪ್ಪಿನ ಒಬ್ಬಳ ಮುಖ ದೀಪ ಹಚ್ಚಿದ ಹಾಗಿರುತ್ತದೆ, ಅಷ್ಟೇ ಕಪ್ಪಿನ ಇನ್ನೊಬ್ಬಳು ಜ್ವರ ಬಂದು ಎದ್ದವಳ ಥರ ಕಾಣುತ್ತಾಳೆ. ಕಪ್ಪು ಬಿಳುಪಿನ ಲೆಕ್ಕ ಅಲ್ಲಿ ಕೆಲಸಕ್ಕೆ ಬರಲ್ಲ. ಚರ್ಮದ ಒಳಗಿನ ಛಾಯೆ ಹಳದಿ ಕಡೆಗಾ, ನೀಲಿ ಕಡೆಗಾ ಅನ್ನುವುದೇ ಮುಖ್ಯ. ನಮ್ಮ ಅತ್ತಿಗೆ ಸಾಕಷ್ಟು ಕಪ್ಪು, ಅಚ್ಚ ಬಿಳಿ ಕಾಟನ್ ಕುರ್ತಾ ಹಾಕಿದರೆ ಎಲ್ಲರೂ ತಿರುಗಿ ನೋಡುತ್ತಾರೆ. ಅವರಿಗೆ ಬೇಕಾದ್ದು ಆ ಜೋರು ಕಾಂಟ್ರಾಸ್ಟೇ. ನಾನು ಗೋಧಿ ಬಣ್ಣ, ಅದನ್ನೇ ಹಾಕಿದರೆ ಕುರ್ತಾ ಮಾತ್ರ ಕಾಣುತ್ತದೆ, ನಾನು ಕಾಣಲ್ಲ.

ಇನ್ನು ಒಗೆಯುವ ವಿಷಯ. ಇದನ್ನು ಆ ವಿಡಿಯೊಗಳಲ್ಲಿ ಯಾರೂ ಹೇಳಲ್ಲ. ಹತ್ತಿ ಹಳೆಯದಾದಂತೆ ಹಳದಿ ತಿರುಗುತ್ತದೆ, ಅದನ್ನು ಹೊಡೆಯಲಿಕ್ಕೆ ನಮ್ಮ ಮನೆಗಳಲ್ಲಿ ನೀಲಿ ಹಾಕುತ್ತಾರೆ. ಹಳದಿ ಹೋಗುತ್ತದೆ ನಿಜ, ಆದರೆ ನೀವು ಹುಡುಕಿ ತಂದ ಹಾಫ್ ವೈಟ್ ಕುರ್ತಾ ಒಂದೇ ಬಕೆಟ್ ನೀರಲ್ಲಿ ವಿಂಟರ್‌ಗೆ ಹೋಗಿ ಕೂರುತ್ತದೆ. ನೀಲಿ ಜಾಸ್ತಿಯಾದರೆ ಕೇಳುವುದೇ ಬೇಡ, ಶನಿವಾರದ ಬಿಳಿ ಯೂನಿಫಾರ್ಮಿನ ಪ್ರೇಯರ್ ಸಾಲಲ್ಲಿ ಆಕಾಶ ಬಣ್ಣದ ಶರ್ಟುಗಳು ನಿಂತಿದ್ದದ್ದು ನೆನಪಿದೆಯಲ್ಲ? ನೀಲಿ ಹಾಕದಿದ್ದರೂ ಬಚಾವಾಗಲ್ಲ. ತುಂಬಾ ಡಿಟರ್ಜೆಂಟ್‌ಗಳಲ್ಲಿ ಆಪ್ಟಿಕಲ್ ಬ್ರೈಟ್ನರ್ ಇರುತ್ತದೆ. ಅದು ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ಅಲ್ಟ್ರಾವಯೊಲೆಟ್ ಕಿರಣ ಹೀರಿಕೊಂಡು ನೀಲಿ ಬೆಳಕು ಬಿಡುತ್ತದೆ. ಅಂಗಡಿಯ ಎಲ್‌ಇಡಿಯಲ್ಲಿ ಆ ಕಿರಣ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅದಕ್ಕೇ ಒಳಗೆ ಮೆತ್ತಗೆ ಕಂಡ ಬಿಳಿ ಶರ್ಟು ರಸ್ತೆಗೆ ಬಂದ ತಕ್ಷಣ ಕಣ್ಣಿಗೆ ಹೊಡೆಯುತ್ತದೆ. ಕೋರಾ, ಖಾದಿ, ಕಸವು ಇವನ್ನೆಲ್ಲ ಬ್ರೈಟ್ನರ್ ಇಲ್ಲದ ಸೋಪಲ್ಲಿ ಬೇರೆಯಾಗಿ ಒಗೆಯಿರಿ, ನೀಲಿ ಬಕೆಟ್ಟಿನ ಹತ್ತಿರಕ್ಕೂ ಬಿಡಬೇಡಿ.

ನರ್ಸು, ವಕೀಲರು, ಲ್ಯಾಬಿನವರು ಇವರಿಗೆಲ್ಲ ಬಿಳಿ ಆರಿಸುವ ಭಾಗ್ಯ ಎಲ್ಲಿ. ಒಪ್ಪದ ಬಿಳಿಯನ್ನೇ ಹಾಕಬೇಕು ಅಂದರೆ ಅದನ್ನು ಮುಖದಿಂದ ಆದಷ್ಟು ದೂರ ಇಡಿ. ಕುರ್ತಾಗೆ ಕಾಲರ್ ಬೇಡ, ಕುತ್ತಿಗೆ ಸ್ವಲ್ಪ ಆಳ ಇಡಿಸಿ, ಮೇಲೆ ನಿಮಗೆ ಒಪ್ಪುವ ಬಣ್ಣದ ದುಪಟ್ಟಾ ಹಾಕಿ. ಬಿಳಿ ಸೀರೆಯಾದರೆ ಬ್ಲೌಸ್ ಬಣ್ಣದ್ದಿರಲಿ. ಪ್ಯಾಂಟು, ಲೆಗ್ಗಿಂಗ್ಸ್, ಪಂಚೆ ಯಾವ ಬಿಳಿಯಾದರೂ ನಡೆಯುತ್ತದೆ, ಸೊಂಟದ ಕೆಳಗೆ ಯಾವ ಋತುವಿನ ಕಾಟವೂ ಇಲ್ಲ.