ಘಾಟಿಯಲ್ಲಿ ಎಂಜಿನ್ ಕೈಕೊಟ್ಟಾಗ: ಕೆಂಪು ದೀಪ ಹೊತ್ತಿದ ಮೇಲಿನ ಎರಡು ನಿಮಿಷ

ಹಾಸನದಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ತುದಿಯಲ್ಲಿ 94ರ ಆಸುಪಾಸಿನಲ್ಲೇ ಕುದಿ ಬರುತ್ತದೆ. ಕಾರಿನ ರೇಡಿಯೇಟರ್ ಫ್ಯಾನು ತಿರುಗಲು ಶುರುವಾಗುವುದು ಬಹುಪಾಲು ಗಾಡಿಗಳಲ್ಲಿ 95 ಡಿಗ್ರಿ ದಾಟಿದ ಮೇಲೆ. ಈ 94, 95 ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಕೂಲೆಂಟ್ (ಎಂಜಿನ್ ತಣಿಸುವ ಬಣ್ಣದ ದ್ರವ) ಬದಲು ಬರೀ ನೀರು ತುಂಬಿಸಿಕೊಂಡು, ರಬ್ಬರ್ ಹಾಳಾದ ಹಳೆಯ ರೇಡಿಯೇಟರ್ ಮುಚ್ಚಳದೊಂದಿಗೆ ಗಿರಿ ಹತ್ತುವ ಕಾರಿನಲ್ಲಿ ಫ್ಯಾನು ತಿರುಗುವ ಮೊದಲೇ ನೀರು ಕುದಿಯಬಹುದು. ಮುಚ್ಚಳ ಸರಿಯಿದ್ದರೆ ಒಳಗೆ ಸುಮಾರು 1 ಬಾರ್ ಹೆಚ್ಚುವರಿ ಒತ್ತಡ ನಿಲ್ಲುತ್ತದೆ, ಆಗ ಅದೇ ಎತ್ತರದಲ್ಲೂ ನೀರು 115 ಡಿಗ್ರಿ ದಾಟುವವರೆಗೆ ಕುದಿಯುವುದಿಲ್ಲ. ಅರ್ಧಕ್ಕರ್ಧ ಕೂಲೆಂಟ್ ಬೆರೆತಿದ್ದರೆ ಇನ್ನೂ ಕೆಲವು ಡಿಗ್ರಿ ಲಾಭ. ಕೆಲವು ನೂರು ರೂಪಾಯಿಯ ಆ ಮುಚ್ಚಳ ಎಂಜಿನ್ನನ್ನು ಕಾಯುತ್ತಿರುತ್ತದೆ, ಆದರೂ ಸರ್ವಿಸಿಗೆ ಬಿಟ್ಟಾಗ ಅದರ ಕಡೆ ಯಾರೂ ನೋಡುವುದಿಲ್ಲ.

ಎಂಜಿನ್ ಇದ್ದಕ್ಕಿದ್ದಂತೆ ಹಾಳಾಯಿತು ಅನ್ನುವುದು ಸಾಮಾನ್ಯ ಮಾತು. ನಿಜಕ್ಕೂ ಇದ್ದಕ್ಕಿದ್ದಂತೆ ಹೋಗುವುದು ಒಂದು ಪೈಪು, ಒಂದು ಬೆಲ್ಟು, ಒಂದು ಫ್ಯೂಸು. ಎಂಜಿನ್ ಬಿಸಿಯಾಗಿದೆ ಎಂದು ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಹೊತ್ತಿದ ಮೇಲೂ "ಸಕಲೇಶಪುರ ಇನ್ನೇನು ಬಂತು, ಅಲ್ಲಿ ನಿಲ್ಲಿಸೋಣ" ಎಂದು ಓಡಿಸುವ ಎರಡು ಮೂರು ಕಿಲೋಮೀಟರಿನಲ್ಲಿ ಎಂಜಿನ್ ಹೋಗುತ್ತದೆ. ಪೈಪು ಒಡೆದದ್ದು ಸಾವಿರ ಎರಡು ಸಾವಿರದ ಕೆಲಸ. ಹೆಡ್ (ಎಂಜಿನ್ನಿನ ಮೇಲ್ಭಾಗದ ಲೋಹದ ಮುಚ್ಚಳ) ಸೊಟ್ಟಗಾಗಿ ಪಿಸ್ಟನ್ ಹಿಡಿದುಕೊಂಡರೆ ಅದು ಹಳೆಯ ಕಾರಿನ ಬೆಲೆಯನ್ನೇ ನುಂಗುವ ಕೆಲಸ.

ಮೊದಲು ಗಾಡಿ ನಿಲ್ಲಿಸುವುದು ಹೇಗೆ ಅನ್ನುವುದು. ಓಡುತ್ತಿರುವಾಗ ಎಂಜಿನ್ ಸತ್ತರೆ ಸ್ಟೀರಿಂಗ್ ಭಾರವಾಗಬಹುದು, ಆದರೆ ತಿರುಗುತ್ತದೆ. ಎರಡೂ ಕೈಯಲ್ಲಿ ಹಿಡಿಯಿರಿ. ಬ್ರೇಕಿನ ಒತ್ತಿಗೆ ಬಲ ಕೂಡಿಸುವ ಬೂಸ್ಟರ್‌ನಲ್ಲಿ ಎರಡು ಮೂರು ಸಲಕ್ಕಾಗುವಷ್ಟು ನಿರ್ವಾತ ಮಾತ್ರ ಉಳಿದಿರುತ್ತದೆ. ಹಾಗಾಗಿ ಪೆಡಲನ್ನು ಮತ್ತೆ ಮತ್ತೆ ತುಳಿದು ಬಿಡಬೇಡಿ, ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಗಾಡಿ ಉರುಳುತ್ತಿರುವಾಗ ಕೀಲಿಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ ಎಳೆಯಬೇಡಿ, ಸ್ಟೀರಿಂಗ್ ಲಾಕ್ ಆಗುತ್ತದೆ. ನಿಂತ ಮೇಲೆ ಹ್ಯಾಂಡ್‌ಬ್ರೇಕ್ ಎಳೆದು, ಏರಿನ ಕಡೆ ಮೂತಿಯಿದ್ದರೆ ಒಂದನೇ ಗೇರು, ಇಳಿಜಾರಿನ ಕಡೆ ಮೂತಿಯಿದ್ದರೆ ರಿವರ್ಸ್ ಗೇರು ಹಾಕಿ. ಆಟೊಮ್ಯಾಟಿಕ್ ಆದರೆ ಪಿ. ಗಾಡಿ ಯಾವ ಕಡೆ ಉರುಳಬಹುದೋ ಆ ಕಡೆಯಿಂದ ಚಕ್ರಕ್ಕೆ ಒಂದು ಒಳ್ಳೆ ಕಲ್ಲು ಕೊಡಿ. ಹೊರಡುವಾಗ ಆ ಕಲ್ಲನ್ನು ರಸ್ತೆಯಿಂದ ತೆಗೆಯದೆ ಹೋಗುವವರಿಂದಲೇ ರಾತ್ರಿ ಬೈಕಿನವರು ಬೀಳುವುದು, ದಯವಿಟ್ಟು ತೆಗೆದಿಡಿ.

ತ್ರಿಕೋನ ಫಲಕವನ್ನು ಕನಿಷ್ಠ 50 ಮೀಟರ್ ಹಿಂದೆ ಇಡಬೇಕು. ಶಿರಾಡಿಯಲ್ಲಾಗಲಿ ಚಾರ್ಮಾಡಿಯಲ್ಲಾಗಲಿ ಮೀಟರ್ ಲೆಕ್ಕಕ್ಕಿಂತ ತಿರುವಿನ ಲೆಕ್ಕ ಮುಖ್ಯ: ಹಿಂದಿನಿಂದ ಬರುವ ಲಾರಿಗೆ ತಿರುವಿಗೆ ಮೊದಲೇ ಅದು ಕಾಣಬೇಕು. ಮಕ್ಕಳನ್ನೂ ಹಿರಿಯರನ್ನೂ ಕಾರಿನ ಮುಂದೆ ನಿಲ್ಲಿಸಬೇಡಿ. ಹಿಂದಿನಿಂದ ಏನಾದರೂ ತಾಗಿದರೆ ಕಾರು ಅವರ ಮೇಲೇ ನುಗ್ಗುತ್ತದೆ. ತಡೆಗೋಡೆಯ ಆಚೆ ಮಟ್ಟಸವಾದ ಜಾಗವಿದ್ದರೆ ಅಲ್ಲಿ ಕೂರಿಸಿ. ಮಳೆಯಲ್ಲಿ ಕಡಿದ ಗುಡ್ಡದ ಬುಡ ಬೇಡ, ಮಣ್ಣು ಜಾರುತ್ತದೆ. ಆಲೂರು, ಸಕಲೇಶಪುರ, ಮೂಡಿಗೆರೆ ಕಡೆಯ ತೋಟದ ರಸ್ತೆಗಳಲ್ಲಿ ಕತ್ತಲಾದ ಮೇಲೆ ಗಾಡಿ ನಿಂತರೆ ಸಹಾಯ ಹುಡುಕಿಕೊಂಡು ನಡೆದು ಹೋಗಬೇಡಿ. ಅದು ಆನೆ ಓಡಾಡುವ ಜಾಗ.

ಇನ್ನು ಬಿಸಿಯ ವಿಷಯ. ಘಾಟಿಯಲ್ಲಿ ಕಾರುಗಳು ನಿಲ್ಲುವುದಕ್ಕೆ ಇದೇ ದೊಡ್ಡ ಕಾರಣ. ಹೆಗ್ಗದ್ದೆಯಿಂದ ಅಡ್ಡಹೊಳೆಯವರೆಗಿನ ಸುಮಾರು 26 ಕಿ.ಮೀ. ಶಿರಾಡಿಯನ್ನು ಮಂಗಳೂರು ಕಡೆಯಿಂದ ಹತ್ತುವಾಗ ಐದು ಜನ, ಡಿಕ್ಕಿ ತುಂಬ ಸಾಮಾನು, ಎ.ಸಿ., ಮುಂದೆ ನಡಿಗೆಯ ವೇಗದ ಟ್ಯಾಂಕರ್. ಎಂಜಿನ್ ಪೂರ್ತಿ ದುಡಿಯುತ್ತಿರುತ್ತದೆ, ಮುಂದಿನಿಂದ ಗಾಳಿ ಮಾತ್ರ ಇಲ್ಲ. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮಾಮೂಲಿ ಜಾಗದಿಂದ ಮೇಲೇಳುತ್ತಿದೆ ಅನ್ನಿಸಿದರೆ ಎ.ಸಿ. ಆರಿಸಿ, ಕಿಟಕಿ ಇಳಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಬ್ಲೋಯರ್ ಜೋರು ಮಾಡಿ. ಒಳಗಿರುವವರಿಗೆ ಹಿಂಸೆ ನಿಜ, ಆದರೆ ಹೀಟರ್ ಅಂದರೆ ಇನ್ನೊಂದು ಪುಟ್ಟ ರೇಡಿಯೇಟರ್. ಈಗಿನ ಅನೇಕ ಸಣ್ಣ ಕಾರುಗಳಲ್ಲಿ ಮುಳ್ಳೇ ಇಲ್ಲ, ಕೆಂಪು ದೀಪ ಮಾತ್ರ. ಅದು ಹೊತ್ತುವ ಹೊತ್ತಿಗೆ ಬಿಸಿ ಮಿತಿ ಮೀರಿರುತ್ತದೆ, ಹೀಟರಿನ ಉಪಾಯಕ್ಕೆ ಸಮಯವಿಲ್ಲ. ನಿಲ್ಲಿಸಿ.

ಏರುತ್ತಿದ್ದ ಮುಳ್ಳು ಏಕಾಏಕಿ ಕೆಳಗಿಳಿದರೆ ಬಚಾವಾದೆವು ಎಂದುಕೊಳ್ಳಬೇಡಿ. ಕೂಲೆಂಟ್ ಪೂರ್ತಿ ಸೋರಿಹೋಗಿ ಸೆನ್ಸರ್ ಒಣಗಿ ನಿಂತಾಗಲೂ ಹೀಗೇ ಆಗುತ್ತದೆ. ಅದರ ಜೊತೆಗೆ ಹೀಟರಿನಿಂದ ತಣ್ಣನೆ ಗಾಳಿ ಬಂದರೆ ಒಳಗೆ ನೀರಿಲ್ಲ ಅಂತಲೇ ಅರ್ಥ.

ಹಬೆ ಕಾಣಿಸಿದರೆ ತಕ್ಷಣ ಎಂಜಿನ್ ಆಫ್ ಮಾಡಿ. ಹಬೆಯಿಲ್ಲ, ಮುಳ್ಳು ಮಾತ್ರ ಏರಿದೆ, ಫ್ಯಾನು ತಿರುಗುತ್ತಿದೆ ಅಂದರೆ ಒಂದೆರಡು ನಿಮಿಷ ನಿಂತಲ್ಲೇ ಓಡಲು ಬಿಡಬಹುದು. ಆಗಲೂ ಇಳಿಯದಿದ್ದರೆ ಆಫ್. ಬಾನೆಟ್ ಎತ್ತಿ, ಮುಚ್ಚಳ ಮಾತ್ರ ಮುಟ್ಟಬೇಡಿ. ಒಳಗಿರುವುದು ನೂರು ಡಿಗ್ರಿಗಿಂತ ಬಿಸಿಯಾದ, ಒತ್ತಡದಲ್ಲಿರುವ ನೀರು. ತೆರೆದ ಕ್ಷಣ ಅದು ಕುದಿದು ಮುಖಕ್ಕೆ ಹಾರುತ್ತದೆ. 30ರಿಂದ 45 ನಿಮಿಷ ಕಾಯಿರಿ. ರೇಡಿಯೇಟರಿನ ಮೇಲಿನ ಹೋಸನ್ನು (ರಬ್ಬರ್ ಪೈಪನ್ನು) ಕೈಯಲ್ಲಿ ಹಿಡಿಯಲು ಆಗುವಷ್ಟು ತಣಿದು, ಒತ್ತಿದರೆ ಮೆತ್ತಗಿದ್ದರೆ ಮಾತ್ರ ದಪ್ಪ ಬಟ್ಟೆ ಸುತ್ತಿ ಕಾಲು ಸುತ್ತು ತಿರುಗಿಸಿ, ಬುಸ್ಸೆನ್ನುವುದು ನಿಲ್ಲುವವರೆಗೆ ತಡೆದು, ಆಮೇಲೆ ತೆಗೆಯಿರಿ. ಹಳ್ಳದ ನೀರನ್ನು ಕೊಡದಲ್ಲಿ ತಂದು ಬಿಸಿ ಎಂಜಿನ್ ಮೇಲೆ ಸುರಿಯುವುದನ್ನು ಈಗಲೂ ಕಾಣಬಹುದು. ಅಲ್ಯೂಮಿನಿಯಂ ಹೆಡ್ ಅದಕ್ಕೇ ಬಿರುಕು ಬಿಡುವುದು.

ಕಾಯುವ ಅರ್ಧ ಗಂಟೆಯಲ್ಲಿ ಕಾರಣ ಹುಡುಕಬಹುದು. ಕಾರಿನ ಕೆಳಗೆ ಬಣ್ಣದ ನೀರು ತೊಟ್ಟಿಕ್ಕುತ್ತಿದೆಯೇ? ಮೇಲಿನ ಹೋಸು ಸುಡುತ್ತಿದ್ದು ಕೆಳಗಿನದು ತಣ್ಣಗಿದ್ದರೆ ಬಹುತೇಕ ಥರ್ಮೋಸ್ಟ್ಯಾಟ್ (ಬಿಸಿಯಾದಾಗ ತೆರೆದು ರೇಡಿಯೇಟರಿಗೆ ನೀರು ಬಿಡುವ ಬಾಗಿಲು) ಮುಚ್ಚಿಕೊಂಡೇ ಕೂತಿದೆ. ಎಂಜಿನ್ ತಣಿದ ಮೇಲೆ ಸ್ಟಾರ್ಟ್ ಮಾಡಿ ಎ.ಸಿ. ಹಾಕಿದರೆ ಫ್ಯಾನು ತಿರುಗಲೇಬೇಕು. ತಿರುಗದಿದ್ದರೆ ಫ್ಯೂಸು ನೋಡಿ, ಆಮೇಲೆ ರಿಲೇ (ಫ್ಯಾನಿಗೆ ಕರೆಂಟು ಬಿಡುವ ಪುಟ್ಟ ಸ್ವಿಚ್ಚು). ಅದೇ ಫ್ಯೂಸು ಪೆಟ್ಟಿಗೆಯಲ್ಲಿ ಹಾರ್ನಿನ ರಿಲೇ ಕೂತಿರುತ್ತದೆ. ಎರಡರ ಮೇಲಿನ ನಂಬರ್ ಒಂದೇ ಆಗಿದ್ದರೆ ಮಾತ್ರ ಅದನ್ನು ಇಲ್ಲಿ ಹಾಕಿ ಪರೀಕ್ಷಿಸಬಹುದು. ಹಾರ್ನಿಲ್ಲದೆ ಘಾಟಿ ಇಳಿಯುವುದು ಒಳ್ಳೆಯದಲ್ಲ, ಊರು ಮುಟ್ಟಿದ ಕೂಡಲೇ ಹೊಸ ರಿಲೇ ಕೊಳ್ಳಿ.

ಹೋಸು ಕ್ಲಿಪ್ಪಿನ ಹತ್ತಿರವೇ ಸೀಳಿದ್ದರೆ ಆ ತುದಿಯನ್ನು ಒಂದಿಂಚು ಕತ್ತರಿಸಿ ಮತ್ತೆ ಸೇರಿಸಿ ಬಿಗಿ ಮಾಡಬಹುದು. ನಡುವೆ ಸೀಳಿದ್ದರೆ ತನಗೆ ತಾನೇ ಅಂಟಿಕೊಳ್ಳುವ ಸಿಲಿಕೋನ್ ಟೇಪು ಬೇಕು. ಹೋಸನ್ನು ಒರೆಸಿ ಒಣಗಿಸಿ, ಟೇಪನ್ನು ಎಳೆದು ಹಿಗ್ಗಿಸಿ, ಒಂದರ ಮೇಲೊಂದು ಅರ್ಧ ಬರುವಂತೆ ಮೂರ್ನಾಲ್ಕು ಪದರ ಸುತ್ತಿ. ಮಾಮೂಲಿ ವೈರಿಂಗ್ ಟೇಪು ಎರಡು ಕಿಲೋಮೀಟರೂ ಬಾಳುವುದಿಲ್ಲ. ಆಮೇಲೆ ನೀರು ತುಂಬಿಸಿ. ಸಣ್ಣ ಕಾರಿನ ಇಡೀ ವ್ಯವಸ್ಥೆ ಹಿಡಿಯುವುದು ಸುಮಾರು 4ರಿಂದ 6 ಲೀಟರ್, ಆದ್ದರಿಂದ ಡಿಕ್ಕಿಯಲ್ಲಿ 5 ಲೀಟರಿನ ಒಂದು ಕ್ಯಾನ್ ಇರಲಿ. ಕುಡಿಯುವ ನೀರು ನಡೆಯುತ್ತದೆ, ಗತಿಯಿಲ್ಲದಿದ್ದರೆ ಹಳ್ಳದ ನೀರನ್ನು ಬಟ್ಟೆಯಲ್ಲಿ ಸೋಸಿ ಹಾಕಿ. ಬಯಲುಸೀಮೆಯ ಬೋರ್‌ವೆಲ್ ನೀರಿಗಿಂತ ಮಲೆನಾಡಿನ ಹಳ್ಳದ ನೀರಿನಲ್ಲಿ ಸುಣ್ಣ ಕಡಿಮೆ. ಹೀಟರ್ ಆನ್ ಇಟ್ಟು ನಿಧಾನ ಸುರಿದು, ಗುಳ್ಳೆ ಬರುವುದು ನಿಂತ ಮೇಲೆ ಮುಚ್ಚಿ. 50 ಕಿ.ಮೀ. ವೇಗ ದಾಟದೆ, ಐದೈದು ಕಿಲೋಮೀಟರಿಗೆ ನಿಲ್ಲಿಸಿ ಕೂಲೆಂಟ್ ಡಬ್ಬಿಯ ಮಟ್ಟ ನೋಡಿ. ಹತ್ತು ಕಿಲೋಮೀಟರಿನಲ್ಲಿ ಒಂದು ಲೀಟರ್ ಮಾಯವಾದರೆ ಮುಂದೆ ಓಡಿಸಬೇಡಿ.

ನೆಲಕ್ಕೆ ಚೆಲ್ಲಿದ ಕೂಲೆಂಟ್ ಸಿಹಿಯಾಗಿರುತ್ತದೆ. ನಾಯಿ, ದನ ನೆಕ್ಕುತ್ತವೆ, ಎಥಿಲೀನ್ ಗ್ಲೈಕಾಲ್ ವಿಷ. ಮಣ್ಣು ಎಳೆದು ಮುಚ್ಚಿ, ತೋಟದ ಕಪ್ಪಿಗೆ (ನೀರಿನ ಕಾಲುವೆಗೆ) ಹರಿಯಲು ಬಿಡಬೇಡಿ.

ಆಯಿಲ್ ಡಬ್ಬಿಯ ಚಿತ್ರವಿರುವ ಕೆಂಪು ದೀಪದ್ದು ಇನ್ನೂ ಕಠಿಣ ಕಾನೂನು. ಬಿಸಿಯಾದ ಎಂಜಿನ್ ಒಂದೆರಡು ನಿಮಿಷ ಕೊಡಬಹುದು, ಆಯಿಲ್ ಒತ್ತಡವಿಲ್ಲದ ಎಂಜಿನ್ ಅಷ್ಟೂ ಕೊಡುವುದಿಲ್ಲ. ಬೇರಿಂಗ್ ಉಜ್ಜಿ ಹಿಡಿದುಕೊಳ್ಳುತ್ತದೆ. ತಿರುವಿನಲ್ಲಿ ಮಾತ್ರ ಆ ದೀಪ ಮಿಣುಕಿ ಆರಿದರೆ ಆಯಿಲ್ ಕಡಿಮೆಯಾಗಿದೆ: ಏರುತಿರುವಿನಲ್ಲಿ ಆಯಿಲ್ ಒಂದು ಪಕ್ಕಕ್ಕೆ ಸರಿದು ಪಂಪಿನ ಬಾಯಿ ಗಾಳಿ ಕುಡಿಯುತ್ತಿದೆ. ಮಟ್ಟಸ ಜಾಗದಲ್ಲಿ ನಿಲ್ಲಿಸಿ ಐದು ಹತ್ತು ನಿಮಿಷ ಬಿಟ್ಟು ಆಯಿಲ್ ಅಳೆಯುವ ಡಿಪ್‌ಸ್ಟಿಕ್ ನೋಡಿ. ಕೆಳಗಿನ ಗುರುತಿನಿಂದ ಮೇಲಿನ ಗುರುತಿಗೆ ಸಾಮಾನ್ಯವಾಗಿ ಒಂದು ಲೀಟರಿನ ಆಸುಪಾಸು. ಅರ್ಧರ್ಧ ಲೀಟರ್ ಹಾಕುತ್ತಾ ನೋಡುತ್ತಾ ಹೋಗಿ. ಮಟ್ಟ ಸರಿಯಿದ್ದೂ ದೀಪ ಉರಿಯುತ್ತಿದ್ದರೆ ಸ್ಟಾರ್ಟ್ ಮಾಡಲೇಬೇಡಿ. ಹೋಮ್‌ಸ್ಟೇಗೆ ಹೋಗುವ ಕಲ್ಲುದಾರಿಯಲ್ಲಿ ಕೆಳಗೆ ಟಣ್ ಎಂದರೆ ಇಳಿದು ಎಂಜಿನ್ನಿನಡಿಯ ಆಯಿಲ್ ಚೇಂಬರ್ ನೋಡಿ. ಅಲ್ಲಿಂದ ಒಂದೊಂದೇ ಹನಿ ಬಿದ್ದರೂ ಆ ಗಾಡಿ ಇನ್ನೊಂದು ಗಾಡಿಯ ಮೇಲೆಯೇ ಹೋಗಬೇಕು.

ಬ್ಯಾಟರಿ ದೀಪವನ್ನು ಜನ ಹಗುರವಾಗಿ ನೋಡುತ್ತಾರೆ. ದೀಪವೊಂದೇ ಹೊತ್ತಿದ್ದರೆ ಹಗಲಿನಲ್ಲಿ ಎ.ಸಿ., ಮ್ಯೂಸಿಕ್ ಆರಿಸಿ ಸ್ವಲ್ಪ ದೂರ ಹೋಗಬಹುದು. ಜೊತೆಗೆ ಮುಳ್ಳೂ ಏರುತ್ತಿದ್ದರೆ ಬೆಲ್ಟು ಹರಿದಿದೆ. ಅನೇಕ ಎಂಜಿನ್‌ಗಳಲ್ಲಿ ವಾಟರ್ ಪಂಪ್ ತಿರುಗುವುದೂ ಅದೇ ಬೆಲ್ಟಿನಿಂದ.

ಯಾವ ದೀಪವೂ ಇಲ್ಲದೆ ಟಪ್ಪನೆ ನಿಂತರೆ ಸೆಲ್ಫ್ ಹೊಡೆದಾಗಿನ ಸದ್ದು ಕೇಳಿ. ಎಂದಿನ ಏರಿಳಿತವಿಲ್ಲದೆ ಹಗುರವಾಗಿ ಸರ್ರನೆ ತಿರುಗಿದರೆ ಟೈಮಿಂಗ್ ಬೆಲ್ಟ್ (ವಾಲ್ವುಗಳನ್ನು ಪಿಸ್ಟನ್ನಿನ ಜೊತೆ ಹೊಂದಿಸಿ ಆಡಿಸುವ ಬೆಲ್ಟು) ಹೋಗಿರುವ ಸಾಧ್ಯತೆ ಹೆಚ್ಚು. ಎರಡನೇ ಸಲ ಹೊಡೆಯಬೇಡಿ, ಅನೇಕ ಎಂಜಿನ್‌ಗಳಲ್ಲಿ ವಾಲ್ವುಗಳು ಪಿಸ್ಟನ್ನಿಗೆ ಬಡಿಯುತ್ತವೆ. ಮಾರುತಿಯ ಕೆ ಸರಣಿಯ ಪೆಟ್ರೋಲ್ ಎಂಜಿನ್‌ಗಳಲ್ಲಿ ಚೈನ್, ಡಸ್ಟರ್ ಡೀಸೆಲ್‌ನಲ್ಲಿ ಬೆಲ್ಟ್. ನಿಮ್ಮದರಲ್ಲಿ ಯಾವುದು ಅಂತ ಇವತ್ತೇ ಕೈಪಿಡಿಯಲ್ಲಿ ನೋಡಿಡಿ. ಸದ್ದು ಮಾಮೂಲಿಯಿದ್ದೂ ಹೊತ್ತಿಕೊಳ್ಳದಿದ್ದರೆ ಕೀಲಿ ಆನ್ ಮಾಡಿ ಕಿವಿಗೊಡಿ: ಬಹುತೇಕ ಪೆಟ್ರೋಲ್ ಕಾರುಗಳಲ್ಲಿ ಹಿಂದಿನ ಸೀಟಿನಡಿ ಎರಡು ಸೆಕೆಂಡು ಪಂಪಿನ ಗುಂಯ್ ಸದ್ದು ಕೇಳಬೇಕು. ಇಲ್ಲದಿದ್ದರೆ ಫ್ಯೂಸು, ರಿಲೇ, ಕೊನೆಗೆ ಪಂಪ್. ಬಿಸಿಯಾದಾಗ ನಿಂತು, ಅರ್ಧ ಗಂಟೆ ತಣಿದ ಮೇಲೆ ಏನೂ ಆಗದಂತೆ ಹೊತ್ತಿಕೊಂಡರೆ ಕ್ರ್ಯಾಂಕ್ ಸೆನ್ಸರ್ (ಎಂಜಿನ್ ತಿರುಗುವುದನ್ನು ಅಳೆಯುವುದು) ಮೇಲೆ ಅನುಮಾನ ಪಡಿ. ಏರಿನಲ್ಲಿ ಎಳೆತ ಕಳೆದುಕೊಳ್ಳುತ್ತಾ ನಿಲ್ಲುವ ಡೀಸೆಲ್ ಗಾಡಿಗೆ ಮೊದಲು ಡೀಸೆಲ್ ಫಿಲ್ಟರ್ ನೋಡಿ.

ಜುಲೈ ಮಳೆಯಲ್ಲಿ ರಸ್ತೆ ಮೇಲೆ ಹರಿಯುವ ನೀರಿಗೆ ನುಗ್ಗಿ ಎಂಜಿನ್ ನಿಂತರೆ ಸೆಲ್ಫ್ ಮುಟ್ಟಲೇಬೇಡಿ. ಸಿಲಿಂಡರಿನೊಳಗೆ ಹೋದ ನೀರು ಗಾಳಿಯಂತೆ ಕುಗ್ಗುವುದಿಲ್ಲ. ಪಿಸ್ಟನ್ ಮೇಲೇರಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ತಳ್ಳಿ ದಡಕ್ಕೆ ತನ್ನಿ. ಪ್ಲಗ್ ಬಿಚ್ಚಿ ನೀರು ಹೊರಹಾಕುವುದು ಗ್ಯಾರೇಜಿನ ಕೆಲಸ. ಎಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆ ಇಲ್ಲದಿದ್ದರೆ ಮಾಮೂಲಿ ಪಾಲಿಸಿ ಈ ನಷ್ಟವನ್ನು ಸಾಮಾನ್ಯವಾಗಿ ಕಟ್ಟಿಕೊಡುವುದಿಲ್ಲ. ಮಲೆನಾಡಿನಲ್ಲಿ ಓಡಾಡುವವರಿಗೆ ಅದು ದುಂದುವೆಚ್ಚವಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಘಾಟಿಯಲ್ಲಿ ಹಗ್ಗ ಕಟ್ಟಿ ಎಳೆಸಬೇಡಿ. ಬೂಸ್ಟರ್ ಇಲ್ಲದ ಬ್ರೇಕು, ಮುಂದೆ ನಾಲ್ಕೈದು ಮೀಟರ್ ದೂರದಲ್ಲಿ ಇನ್ನೊಂದು ಗಾಡಿ, ಇಳಿಜಾರು. ಪೂರ್ತಿ ಮೇಲೇರಿಸಿಕೊಂಡು ಹೋಗುವ ಟೋಯಿಂಗ್ ಗಾಡಿಯನ್ನೇ ಕರೆಸಿ, ಆಟೊಮ್ಯಾಟಿಕ್ ಕಾರಿಗಂತೂ ಬೇರೆ ದಾರಿಯಿಲ್ಲ. ಶಿರಾಡಿಯ ಹೆದ್ದಾರಿ 75, ಚಾರ್ಮಾಡಿಯ 73 ರಾಷ್ಟ್ರೀಯ ಹೆದ್ದಾರಿಗಳು, ಸಹಾಯಕ್ಕೆ 1033. ಮುಳ್ಳಯ್ಯನಗಿರಿಯ ರಸ್ತೆಯಲ್ಲಿ, ತೋಟದ ರಸ್ತೆಗಳಲ್ಲಿ ತುರ್ತಿಗೆ 112. ಎಲ್ಲ ತಿರುವಿನಲ್ಲೂ ಸಿಗ್ನಲ್ ಇರುವುದಿಲ್ಲ, ಹಾಗಾಗಿ ವಿಮೆಯವರ ಸಹಾಯವಾಣಿಯ ನಂಬರನ್ನು ಕಾಗದದಲ್ಲಿ ಬರೆದು ಡ್ಯಾಶ್‌ಬೋರ್ಡಿನಲ್ಲಿಟ್ಟರೆ, ಊರಿನ ಕಡೆ ಹೋಗುವ ಯಾರ ಕೈಗಾದರೂ ಕೊಟ್ಟು ಫೋನ್ ಮಾಡಿಸಬಹುದು.

ಬಿಸಿಯಾಗಿ ನಿಂತ ಕಾರು ಗ್ಯಾರೇಜಿಗೆ ಹೋದ ಮೇಲೆ ಬರೀ ಹೋಸು ಬದಲಿಸಿ ಕಳಿಸಿದರೆ ಒಪ್ಪಬೇಡಿ. ಕೂಲೆಂಟ್ ವ್ಯವಸ್ಥೆಯ ಒತ್ತಡ ಪರೀಕ್ಷೆ, ಕಂಪ್ರೆಷನ್ ಪರೀಕ್ಷೆ (ಸಿಲಿಂಡರಿನೊಳಗಿನ ಒತ್ತಡ ಅಳೆಯುವುದು) ಎರಡನ್ನೂ ಕೇಳಿ. ಸಿಲಿಂಡರುಗಳ ನಡುವೆ 1 ಬಾರ್‌ಗಿಂತ ಹೆಚ್ಚು ವ್ಯತ್ಯಾಸ, ಆಯಿಲ್ ಮುಚ್ಚಳದಡಿ ಹಾಲಿನ ಕೆನೆಯಂಥದು, ಡಬ್ಬಿಯಲ್ಲಿ ನಿಲ್ಲದ ಗುಳ್ಳೆ ಕಂಡರೆ ಹೆಡ್ ಗ್ಯಾಸ್ಕೆಟ್ (ಹೆಡ್ಡಿನಡಿ ಸೋರದಂತೆ ಕೂರಿಸುವ ಪದರ) ಹೋಗಿರುವ ಸಾಧ್ಯತೆ ಹೆಚ್ಚು. ಹೆಡ್ ಬಿಚ್ಚಿದ ಮೇಲೆ ಅಳೆಯದೆ ಹೊಸ ಗ್ಯಾಸ್ಕೆಟ್ ಕೂರಿಸಬಾರದು. ಸಣ್ಣ ಕಾರುಗಳಲ್ಲಿ ಸೊಟ್ಟದ ಮಿತಿ ಸಾಮಾನ್ಯವಾಗಿ 0.05 ಮಿ.ಮೀ. ಆಸುಪಾಸು, ಮೀರಿದರೆ ಲೇತ್ ವರ್ಕ್‌ಶಾಪಿನಲ್ಲಿ ಫೇಸಿಂಗ್ (ತಳವನ್ನು ಸಮತಟ್ಟು ಮಾಡುವುದು) ಮಾಡಿಸಬೇಕು. ಹೆಡ್ ಬೋಲ್ಟು ಒಮ್ಮೆ ಮಾತ್ರ ಬಳಸುವ ಜಾತಿಯದಾದರೆ ಹೊಸದೇ ಬೇಕು. "ಥರ್ಮೋಸ್ಟ್ಯಾಟ್ ಕಿತ್ತು ಹಾಕ್ತೀನಿ ಸಾರ್, ಇನ್ನು ಬಿಸಿಯಾಗಲ್ಲ" ಎಂದರೆ ಬೇಡ ಅನ್ನಿ. ಮಲೆನಾಡಿನ ಚಳಿಯಲ್ಲಿ ಆ ಎಂಜಿನ್ ಸರಿಯಾಗಿ ಬಿಸಿಯೇ ಆಗದೆ ಪೆಟ್ರೋಲ್ ಕುಡಿಯುತ್ತದೆ, ಆಯಿಲ್ ತೆಳ್ಳಗಾಗುತ್ತದೆ. ಕೆಲವು ಎಂಜಿನ್‌ಗಳಲ್ಲಿ ನೀರು ರೇಡಿಯೇಟರನ್ನು ಬಿಟ್ಟು ಅಡ್ಡದಾರಿ ಹಿಡಿದು ಬಿಸಿ ಇನ್ನೂ ಹೆಚ್ಚುವುದೂ ಉಂಟು.

ಕಾರು ವಾಪಸು ಬಂದ ದಿನ ಊರೊಳಗೆ ಸುತ್ತಿಸಿ ಸರಿಯಾಗಿದೆ ಎಂದುಕೊಳ್ಳಬೇಡಿ. ಚಿಕ್ಕಮಗಳೂರಿನವರಾದರೆ ಕೈಮರದಿಂದ ಗಿರಿಯ ಕಡೆ ಒಬ್ಬರೇ ಸ್ವಲ್ಪ ದೂರ ಹತ್ತಿಸಿ, ಮುಳ್ಳು ನೋಡುತ್ತಾ. ಮರುದಿನ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಡಬ್ಬಿಯ ಗೆರೆ, ಡಿಪ್‌ಸ್ಟಿಕ್‌ನ ಗೆರೆ ಎರಡನ್ನೂ ನೋಡಿ, ಫೋನಿನಲ್ಲಿ ಫೋಟೊ ತೆಗೆದಿಡಿ. ಒಂದು ವಾರ ದಿನವೂ ಹೀಗೆ ನೋಡಿ, ಗೆರೆ ಇಳಿಯದಿದ್ದರೆ ಮನೆಯವರನ್ನು ಕೂರಿಸಿಕೊಂಡು ಘಾಟಿ ಇಳಿಯಬಹುದು.