ಷಡ್ಡಕ ರೀರೈಸ್ ಮಾಡಿದಾಗ: ಒಂಬತ್ತು ಶನಿವಾರದ ಪೋಕರ್ ಲೆಕ್ಕ

ನೋಟ್‌ಬುಕ್ಕಿನಲ್ಲಿ ಒಂಬತ್ತನೇ ಶನಿವಾರದ ಪುಟ ತುಂಬಿತು. ಮೊದಲಿನಿಂದ ಒಮ್ಮೆ ಓದಿ ನೋಡಿದೆ. ಎಲ್ಲಿ ಶುರು ಮಾಡಿದ್ದೆ, ಎಲ್ಲಿಗೆ ಬಂದೆ ಅಂತ ಒಂದೇ ಕಡೆ ಬರೆದಿಡೋಣ ಅನ್ನಿಸಿತು.

ಗೊತ್ತಿಲ್ಲದವರಿಗೆ ಮೊದಲು ನಮ್ಮ ಪೋಕರ್ ಆಟದ ಬಗ್ಗೆ ಹೇಳಿಬಿಡುತ್ತೇನೆ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ನಮ್ಮ ಮನೆ. ಶನಿವಾರ ರಾತ್ರಿ ಊಟ ಮುಗಿಸಿ ಆರು ಜನ ಮಾಳಿಗೆ ಹತ್ತುತ್ತೇವೆ. ಹಗಲೆಲ್ಲ ಕಾದ ನೆಲ ತಣ್ಣಗಾಗಲಿ ಅಂತ ಎರಡು ಕೊಡ ನೀರು ಹಾಕಿ, ಚಾಪೆ ಹಾಸಿ ಕೂರುತ್ತೇವೆ. ದುಡ್ಡು ಇಲ್ಲ, ಮೊದಲಿನಿಂದಲೂ ಇಲ್ಲ. ಒಬ್ಬೊಬ್ಬರಿಗೆ 200 ಹುಣಸೆ ಬೀಜ. ಅಜ್ಜಿ ಚೌಕಾಬಾರಕ್ಕೆ ಎತ್ತಿಟ್ಟಿದ್ದ ಡಬ್ಬಿಯಿಂದಲೇ ಇದು ಶುರುವಾದದ್ದು. ಒಬ್ಬೊಬ್ಬರ ಕೈಗೆ ಎರಡು ಎಲೆ, ನೆಲದ ಮೇಲೆ ಎಲ್ಲರಿಗೂ ಸೇರಿ ಐದು. ಎಲೆ ನೋಡುವ ಮೊದಲೇ ಇಬ್ಬರು ಸರದಿಯಂತೆ ಬೀಜ ಹಾಕಬೇಕು: ಸ್ಮಾಲ್ ಬ್ಲೈಂಡ್ ಒಂದು ಬೀಜ, ಬಿಗ್ ಬ್ಲೈಂಡ್ ಎರಡು. 2025ರ ಆಗಸ್ಟ್‌ನಲ್ಲಿ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಬಂತು. ಆಗ ಫೋನ್ ಬಿಟ್ಟು ಬಂದ ಇಬ್ಬರು ಗೆಳೆಯರೂ ಈಗ ನಮ್ಮ ಜೊತೆ ಬೀಜ ಎಣಿಸುತ್ತಾರೆ.

ಇನ್ನು ನನ್ನ ಷಡ್ಡಕ. ಸಿರುಗುಪ್ಪದಲ್ಲಿ ಅಕ್ಕಿ ಗಿರಣಿಯ ಲೆಕ್ಕ ಬರೆಯುತ್ತಾನೆ. ನಾನು 6 ಬೀಜ ಹಾಕಿದರೆ ಅವನು 20 ಹಾಕುತ್ತಾನೆ. ಇನ್ನೂ ನೆಲದ ಮೇಲೆ ಒಂದು ಎಲೆಯೂ ಬಿದ್ದಿರುವುದಿಲ್ಲ. ಇದಕ್ಕೆ ರೀರೈಸ್ ಅಥವಾ ಥ್ರೀ ಬೆಟ್ ಅನ್ನುತ್ತಾರೆ. ಬಿಗ್ ಬ್ಲೈಂಡ್ ಮೊದಲ ಬೆಟ್, ನಾನು ಏರಿಸಿದ್ದು ಎರಡನೆಯದು, ಅವನದು ಮೂರನೆಯದು.

ಶನಿವಾರ 1ರಿಂದ 3

ಸುಮ್ನೆ ಫೋಲ್ಡ್ ಮಾಡುತ್ತಾ, ಅಂದರೆ ಎಲೆ ಬಿಡುತ್ತಾ ಹೋದೆ. "ಇಷ್ಟು ಹಾಕಿದ್ದಾನೆ ಅಂದರೆ ಏನೋ ಇದೆ" ಅಂತ. ಒಂದೊಂದು ಸಲಕ್ಕೆ ಆರೇ ಬೀಜ ಅಲ್ವಾ, ಹೋದರೆ ಹೋಗಲಿ ಅನ್ನಿಸುತ್ತಿತ್ತು. ಆದರೆ ರಾತ್ರಿ ಕೊನೆಗೆ ರಾಶಿ ಕರಗಿರುತ್ತಿತ್ತು.

ಮೂರನೇ ಶನಿವಾರ ತಡೆಯಲಾಗಲಿಲ್ಲ. ಎಕ್ಕ-ಹತ್ತು ಹಿಡಿದು 6 ಹಾಕಿದ್ದೆ. ಅವನು 20 ಹಾಕಿದ. ನಾನು ಇಡೀ 200 ಮುಂದೆ ತಳ್ಳಿದೆ. ಅವನ ಕೈಯಲ್ಲಿ ಎರಡು ರಾಜ. ಸೋತ ಮೇಲೆ ಲೆಕ್ಕ ಮಾಡಿದೆ. ನೆಲದ ಮೇಲೆ ಇದ್ದದ್ದು 29 ಬೀಜ. ಅದನ್ನು ಗೆಲ್ಲಲು 194 ಬೀಜ ಒಡ್ಡಿದ್ದೆ. ಕೆಟ್ಟ ಎಲೆ ಇದ್ದರೆ ಅವನು ಬಿಟ್ಟುಬಿಡುತ್ತಾನೆ. ಒಪ್ಪಿಕೊಳ್ಳುವುದು ಒಳ್ಳೆಯ ಎಲೆ ಇದ್ದಾಗ ಮಾತ್ರ. ಸಿಟ್ಟಿಗೆ ಕೊಟ್ಟ ಬೆಲೆ ಅದು.

ಶನಿವಾರ 4 ಮತ್ತು 5

ಈ ಸಲ ಉಲ್ಟಾ. ಅವನು ಏರಿಸಿದಾಗ ಕೆಲವು ಸಲ ಕಾಲ್ ಮಾಡತೊಡಗಿದೆ, ಅಂದರೆ ಅವನಷ್ಟೇ ಬೀಜ ಹಾಕಿ ಆಟದಲ್ಲಿ ಉಳಿಯತೊಡಗಿದೆ. ಇದು ಇನ್ನೂ ದುಬಾರಿ. ಜೋಡಿ ಇಲ್ಲದ ಎರಡು ಎಲೆಗೆ ಫ್ಲಾಪ್‌ನಲ್ಲಿ (ನೆಲಕ್ಕೆ ಬೀಳುವ ಮೊದಲ ಮೂರು ಎಲೆ) ಜೋಡಿ ಸಿಗುವುದು ಸುಮಾರು ಮೂರರಲ್ಲಿ ಒಂದು ಸಲ. ಉಳಿದ ಎರಡು ಸಲ ನಾನು ಬೀಜ ಹಾಕದೆ ಚೆಕ್ ಮಾಡುತ್ತೇನೆ, ಅವನು ಬೆಟ್ ಹಾಕುತ್ತಾನೆ, ನಾನು ಬಿಡುತ್ತೇನೆ. ಆರು ಬೀಜ ಹೋಗುತ್ತಿದ್ದ ಕಡೆ ಇಪ್ಪತ್ತು ಹೋಗತೊಡಗಿತು. ಅದರಲ್ಲೂ ನಾನು ಅವನಿಗಿಂತ ಮೊದಲು ಮಾತಾಡಬೇಕಾದ ಕುರ್ಚಿಯಲ್ಲಿ ಇದ್ದಾಗ ತೀರಾ ಕಷ್ಟ. (ಕೂರುವುದು ಚಾಪೆ ಮೇಲೆ. ಆದರೂ ನಾವು ಕುರ್ಚಿ ಅಂತಲೇ ಅನ್ನುತ್ತೇವೆ.)

ಚಿಕ್ಕ ಜೋಡಿಗಳ ಪಾಠವೂ ಇಲ್ಲೇ ಸಿಕ್ಕಿತು. ನಾಲ್ಕರ ಜೋಡಿ ಹಿಡಿದು ಮೂರನೇ ನಾಲ್ಕಕ್ಕೆ ಕಾಯುವುದು ನನಗೆ ಬಹಳ ಇಷ್ಟ. ಆದರೆ ಅದು ಫ್ಲಾಪ್‌ನಲ್ಲಿ ಬರುವುದು ಎಂಟೂವರೆ ಸಲಕ್ಕೆ ಒಂದು ಸಲ. ಬಂದಾಗಲೂ ಎದುರಿನವನ ಹತ್ತಿರ ಬೀಜ ಕೊಡುವಂಥ ಎಲೆ ಇರಬೇಕು. ಏನೂ ಇಲ್ಲದೆ ಏರಿಸುವವನು ಯಾಕೆ ಕೊಡುತ್ತಾನೆ? ಎಕ್ಕ-ರಾಜ ಇದ್ದಾಗ ಮಾತ್ರ ಏರಿಸುವವನ ವಿರುದ್ಧ ನಡೆಯುವ ಉಪಾಯ ಇವನ ವಿರುದ್ಧ ನಡೆಯುವುದಿಲ್ಲ.

ಶನಿವಾರ 6: ಎಣಿಸಿದ ರಾತ್ರಿ

ಮೊದಲ ವಾರದಿಂದಲೇ ಗೆರೆ ಹಾಕುತ್ತಾ ಬಂದಿದ್ದೆ. ಕೂಡಿಸಿ ನೋಡಿರಲಿಲ್ಲ. ಆರನೇ ಶನಿವಾರ ಎಲ್ಲರೂ ಹೋದ ಮೇಲೆ, ಉಳಿದ ಮಂಡಕ್ಕಿ ತಿನ್ನುತ್ತಾ ಕೂಡಿಸಿದೆ. ನಾನು ಏರಿಸಿ, ಅವನ ಸರದಿ ಇನ್ನೂ ಬಾಕಿ ಇದ್ದದ್ದು 64 ಸಲ. ಅದರಲ್ಲಿ ಅವನು ರೀರೈಸ್ ಮಾಡಿದ್ದು 19 ಸಲ. ನಾನು ಬಿಟ್ಟದ್ದು 15.

ಈ ಮೂರು ಅಂಕಿ ನೋಡಿ ನಿದ್ದೆ ಹಾರಿಹೋಯಿತು. ಯಾಕೆ ಅಂತ ಹೇಳುತ್ತೇನೆ.

ಎರಡು ಎಲೆಯ ಕೈಗಳು ಒಟ್ಟು 1326 ಬಗೆ. ಎಕ್ಕದ ಜೋಡಿ 6 ಬಗೆಯಲ್ಲಿ ಬರುತ್ತದೆ. ರಾಜನ ಜೋಡಿ 6, ರಾಣಿ ಜೋಡಿ 6. ಎಕ್ಕ-ರಾಜ 16 ಬಗೆ. ಒಟ್ಟು 34. ಇಷ್ಟಕ್ಕೇ ಏರಿಸುವವನಾಗಿದ್ದರೆ 64 ಅವಕಾಶದಲ್ಲಿ ಒಂದೆರಡು ಸಲ ಏರಿಸಬೇಕಿತ್ತು. ಹತ್ತೊಂಬತ್ತು ಸಲ ಅಲ್ಲ. ನೂರಕ್ಕೆ 30 ಅಂದರೆ ಸುಮಾರು 400 ಬಗೆಯ ಕೈ. ಅದರಲ್ಲಿ ನನ್ನನ್ನು ಹೆದರಿಸುತ್ತಿದ್ದ ಆ 34 ಕೈಗಳ ಪಾಲು ಹತ್ತರಲ್ಲಿ ಒಂದೂ ಇಲ್ಲ.

ಇನ್ನೊಂದು ಕಡೆಯಿಂದ ನೋಡಿ. ಅವನು ಬಿಗ್ ಬ್ಲೈಂಡ್‌ನಲ್ಲಿ ಇದ್ದಾಗ 20 ಮಾಡಲು ಇನ್ನೂ 18 ಬೀಜ ಹಾಕಬೇಕು. ನೆಲದ ಮೇಲೆ ಇರುವುದು 9. ಅಂದರೆ ನಾನು ಮೂರರಲ್ಲಿ ಎರಡು ಸಲ ಬಿಟ್ಟರೆ ಅವನಿಗೆ ನಷ್ಟವಿಲ್ಲ. ಅದಕ್ಕಿಂತ ಜಾಸ್ತಿ ಬಿಟ್ಟರೆ ಎಲೆ ನೋಡದೆ ಏರಿಸಿದರೂ ಲಾಭ. ನಾನು ಹತ್ತೊಂಬತ್ತರಲ್ಲಿ ಹದಿನೈದು ಬಿಟ್ಟಿದ್ದೆ. ಷಡ್ಡಕನದು ಹುಚ್ಚಾಟ ಅಲ್ಲವೇ ಅಲ್ಲ. ನನ್ನನ್ನು ಸರಿಯಾಗಿ ಓದಿ, ಸರಿಯಾಗಿಯೇ ಆಡುತ್ತಿದ್ದ. ಅವತ್ತಿನಿಂದ ಅವನ ಮೇಲಿನ ಸಿಟ್ಟು ಹೋಯಿತು.

ಶನಿವಾರ 7

ಬದಲಾವಣೆ ಶುರುವಾಗಬೇಕಾದದ್ದು ಅವನು ಏರಿಸಿದ ಮೇಲಲ್ಲ, ನಾನು ಮೊದಲ ಆರು ಬೀಜ ಹಾಕುವಾಗಲೇ. ಅವನು ನನ್ನ ಎಡಕ್ಕೆ ಕೂತಿದ್ದರೆ ಹೆಚ್ಚಿನ ಸಲ ನನ್ನ ನಂತರ ಮಾತಾಡುತ್ತಾನೆ. ಆಗ ಗುಲಾಮ-ಒಂಬತ್ತು, ಬೇರೆ ಬೇರೆ ಬಣ್ಣದ (ಒಂದು ಇಸ್ಪೀಟ್, ಒಂದು ಆಟಿನ್ ಹೀಗೆ) ರಾಜ-ಹತ್ತು ಇಂಥವನ್ನು ಹಾಕುವುದೇ ಇಲ್ಲ. ರೀರೈಸ್‌ಗೆ ಎದುರು ನಿಲ್ಲಲಾಗದ ಕೈ ಅಂದರೆ ಅವನಿಗೆ ಕೊಟ್ಟ ಆರು ಬೀಜ, ಅಷ್ಟೇ. ಅವನು ಬಲಕ್ಕೆ ಕೂತರೆ ಬೇರೆ ಮಾತು. ನಮ್ಮಲ್ಲಿ ಜಾಗಕ್ಕೆ ಚೀಟಿ ಎತ್ತುತ್ತೇವೆ, ಆರಿಸುವ ಹಾಗಿಲ್ಲ.

ಎರಡನೆಯದು ಫೋರ್ ಬೆಟ್, ಅಂದರೆ ಅವನ ರೀರೈಸ್ ಮೇಲೆ ನಾನು ಮತ್ತೆ ಏರಿಸುವುದು. ಮೊದಲೆಲ್ಲ ಎಕ್ಕದ ಜೋಡಿ, ರಾಜನ ಜೋಡಿಗೆ ಮಾತ್ರ ಮಾಡುತ್ತಿದ್ದೆ. ಈಗ ಗುಲಾಮ, ರಾಣಿ ಜೋಡಿಗಳನ್ನೂ ಎಕ್ಕ-ರಾಜವನ್ನೂ ಸೇರಿಸಿದೆ. ಜೊತೆಗೆ ಬ್ಲಫ್‌ಗೆ ಅಂತ ಒಂದೇ ಬಣ್ಣದ ಎಕ್ಕ-ಐದು, ಎಕ್ಕ-ನಾಲ್ಕು. ಇದೇ ಕೈಗಳು ಯಾಕೆ? ಒಂದು ಎಕ್ಕ ನನ್ನ ಹತ್ತಿರ ಇದ್ದರೆ ಅವನಿಗೆ ಎಕ್ಕದ ಜೋಡಿ 6 ಬದಲು 3 ಬಗೆಯಲ್ಲಿ ಮಾತ್ರ ಬರಬಲ್ಲದು. ಎಕ್ಕ-ರಾಜ 16 ಬದಲು 12. ಕಾಲ್ ಮಾಡಿದರೂ ನನಗೆ ಒಂದೇ ಬಣ್ಣದ ಐದು ಎಲೆಯ ಆಸೆ ಉಳಿಯುತ್ತದೆ.

ಬಟನ್‌ನಲ್ಲಿ (ಫ್ಲಾಪ್ ಬಿದ್ದ ಮೇಲೆ ಕೊನೆಗೆ ಮಾತಾಡುವ ಜಾಗ) ಇಸ್ಪೀಟಿನ ಎಕ್ಕ-ಐದು ಬಂತು. 6 ಹಾಕಿದೆ. ಬಿಗ್ ಬ್ಲೈಂಡ್‌ನಿಂದ 20. ನಾನು 46 ಮಾಡಿದೆ. 27 ಗೆಲ್ಲಲು 40 ಒಡ್ಡಿದ್ದು, ಹತ್ತರಲ್ಲಿ ಆರು ಸಲ ಅವನು ಬಿಟ್ಟರೆ ಸಾಕು. ಮೂರನೇ ಶನಿವಾರದ 194ರ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ. ಅವನು ಎಲೆ ನೋಡಿದ, ನನ್ನನ್ನು ನೋಡಿದ, ಬಿಟ್ಟ. ಎದೆ ಹೊಡೆದುಕೊಳ್ಳುವುದು ಪಕ್ಕದವರಿಗೆ ಕೇಳಿಸುತ್ತದೇನೋ ಅನ್ನಿಸಿತ್ತು.

ಶನಿವಾರ 8

ಈ ರಾತ್ರಿಯ ಒಂದು ಕೈಯನ್ನು ಪೂರ್ತಿ ಬರೆಯಲೇಬೇಕು. ನಾನು ಮತ್ತೆ ಬಟನ್, ಆಟಿನ್ ರಾಜ-ರಾಣಿ. ಅವನು ಬಿಗ್ ಬ್ಲೈಂಡ್‌ನಿಂದ 20. ಈ ಕೈಗೆ ಫೋರ್ ಬೆಟ್ ಬೇಡ, ಅವನ ಕೆಟ್ಟ ಎಲೆಗಳೆಲ್ಲ ಓಡಿಹೋಗುತ್ತವೆ. ಕೊನೆಗೆ ಮಾತಾಡುವ ಜಾಗ ನನ್ನದು. ಕಾಲ್. ನೆಲದಲ್ಲಿ 41.

ಡೈಮನ್ ರಾಜ, ಕಳಾವರ್ ಏಳು, ಇಸ್ಪೀಟ್ ಎರಡು. ಅವನು 14, ನಾನು ಕಾಲ್. ನಾಲ್ಕನೇ ಎಲೆ ಕಳಾವರ್ ನಾಲ್ಕು. ಅವನು 40. ಕಾಲ್. ಕೊನೆಯ ಎಲೆ ಆಟಿನ್ ಒಂಬತ್ತು. ಅವನು ಉಳಿದ 126 ಪೂರ್ತಿ ತಳ್ಳಿದ.

ಮೊದಲಿನ ನಾನಾಗಿದ್ದರೆ ಎಕ್ಕ-ರಾಜ ಇದೆ ಅಂತ ಬಿಡುತ್ತಿದ್ದೆ. ಕೆಳಗೆ ರಸ್ತೆಯಲ್ಲಿ ಲಾರಿ ಒಂದು ಹೋಗುವವರೆಗೂ ಯೋಚನೆ ಮಾಡಿದೆ. 126 ಹಾಕಿದರೆ ಒಟ್ಟು 401. ಮೂರರಲ್ಲಿ ಒಂದು ಸಲ ಗೆದ್ದರೂ ನಷ್ಟವಿಲ್ಲ. ಒಂದು ರಾಜ ನನ್ನಲ್ಲಿ, ಒಂದು ನೆಲದಲ್ಲಿ. ಅವನಿಗೆ ಎಕ್ಕ-ರಾಜ ಬರುವ ದಾರಿ ಈಗ 16 ಅಲ್ಲ, 8. ಕಾಲ್ ಅಂದೆ.

ಕಳಾವರ್ ಆರು-ಐದು ತೋರಿಸಿದ. ನಾಲ್ಕನೇ ಎಲೆ ಬಿದ್ದಾಗ ಅವನಿಗೆ ಸಾಲು (ಕ್ರಮವಾಗಿ ಐದು ಎಲೆ), ಬಣ್ಣ (ಒಂದೇ ಬಣ್ಣದ ಐದು ಎಲೆ) ಎರಡಕ್ಕೂ ದಾರಿ ಇತ್ತು. ನನ್ನನ್ನು ಮುಳುಗಿಸಲು 15 ಎಲೆ ಕಾಯುತ್ತಿದ್ದವು. ಒಂದೂ ಬರಲಿಲ್ಲ. ಚೆನ್ನಾಗಿ ಆಡಿದ ಕೈ ಅದು, ಅವನ ಕಡೆಯಿಂದಲೂ. ಆಟ ಮುಗಿದ ಮೇಲೆ ನೋಟ್‌ಬುಕ್ ತೆಗೆದು ಅವನಿಗೂ ತೋರಿಸಿದೆ. ಗಿರಣಿಯ ಲೆಕ್ಕದವನು, ಒಂದೊಂದೇ ಅಂಕಿ ಕೂಡಿಸಿ ನೋಡಿದ. 15 ಫೋಲ್ಡ್ ಅನ್ನುವ ಸಾಲಿನ ಮೇಲೆ ಬೆರಳಿಟ್ಟು, "ಇದು ನನಗೆ ಗೊತ್ತಿತ್ತು" ಅಂದ.

ಶನಿವಾರ 9

ತೋರಿಸಿದ್ದು ತಪ್ಪು ಅನ್ನಲಾರೆ, ಆದರೆ ಪರಿಣಾಮ ಕಂಡಿತು. ಹತ್ತು ಅವಕಾಶದಲ್ಲಿ ಒಂದೇ ಸಲ ರೀರೈಸ್. ನನ್ನ ಹತ್ತಿರ ಇಸ್ಪೀಟಿನ ಎಕ್ಕ-ನಾಲ್ಕು. ಬಿಟ್ಟರೆ ಬಿಡಲಿ ಅಂತ 46 ಮಾಡಿದೆ. ಅವನು ಒಂದು ಕ್ಷಣವೂ ತಡಮಾಡದೆ 200 ತಳ್ಳಿದ. ನಾನು ಬಿಟ್ಟೆ. ಕೇಳದಿದ್ದರೂ ಎಲೆ ತಿರುಗಿಸಿದ. ಎರಡು ರಾಣಿ.

ಹತ್ತು ಸಲ ಅನ್ನುವುದು ಬಹಳ ಕಡಿಮೆ ಲೆಕ್ಕ. ಎಲೆ ಬರದೇ ಸುಮ್ಮನೆ ಕೂತಿದ್ದನೋ, ಆಟವನ್ನೇ ಬದಲಿಸಿದನೋ ಈಗಲೇ ಹೇಳಲಾಗದು. ಹಾಗಾಗಿ ಮೂವತ್ತು ಅವಕಾಶ ಆಗುವವರೆಗೆ ಚಿಕ್ಕ ಎಕ್ಕಗಳ ಫೋರ್ ಬೆಟ್ ನಿಲ್ಲಿಸುತ್ತಿದ್ದೇನೆ. ಅವನು 20 ಹಾಕಿದರೆ ಎಕ್ಕ-ನಾಲ್ಕು ಬಿಟ್ಟುಬಿಡುತ್ತೇನೆ. ಗುಲಾಮ ಜೋಡಿಗೂ ಕಾಲ್ ಮಾತ್ರ. ಆದರೆ ಬಟನ್‌ನಲ್ಲಿ ಮೊದಲಿನಂತೆ ಜಾಸ್ತಿ ಕೈ ಹಾಕುತ್ತೇನೆ, ಅವನು ಈಗ ತಡೆಯುತ್ತಿಲ್ಲವಲ್ಲ.

ಹತ್ತನೇ ಪುಟಕ್ಕೆ ಹೊಸದಾಗಿ ಗೆರೆ ಎಳೆದಿದ್ದೇನೆ. ಅವಕಾಶ 0, ರೀರೈಸ್ 0. ಪಕ್ಕದಲ್ಲಿ ಇನ್ನೊಂದು ಖಾನೆ ಹೆಚ್ಚಿಗೆ ಹಾಕಿದ್ದೇನೆ: ಅವನು ಎಡಕ್ಕೋ, ಬಲಕ್ಕೋ.